ರೋಲರ್ ಹತ್ತಿಸುವವರಿಗೊಂದು ಪತ್ರ

ಕಾರು ಟ್ಯೂನ್ ಮಾಡಿಸಲು ಹೊರಟಿರುವ ಗೆಳೆಯ ಗೆಳತಿಯರಿಗೆ,



ನಿಮ್ಮಲ್ಲಿ ಕೆಲವರು ನನ್ನನ್ನು ನೋಡಿದ್ದೀರಿ. ಬೆಂಗಳೂರಿನ ಹೊರವಲಯದ ಒಂದು ಶೀಟಿನ ಶೆಡ್ಡಿನಲ್ಲಿ, ಕಿವಿಗೆ ಮಫ್ ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಮ್ಮದೇ ಗಾಡಿಯ ಸ್ಟೀರಿಂಗ್ ಹಿಂದೆ ಕೂತಿರುವವನು ನಾನು. ಹದಿನಾಲ್ಕು ವರ್ಷದಿಂದ ಡೈನೋ, ಅಂದರೆ ಗಾಡಿಯ ಶಕ್ತಿ ಅಳೆಯುವ ಯಂತ್ರ, ನಡೆಸುತ್ತಿದ್ದೇನೆ. ಈ ಹದಿನಾಲ್ಕು ವರ್ಷದಲ್ಲಿ ಬಂದವರೆಲ್ಲ ಗಾಡಿಯಿಂದ ಇಳಿಯುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಅಣ್ಣ, ಎಷ್ಟು ಬರುತ್ತೆ?" ಆ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಬೇಸರದಿಂದ ಬರೆದದ್ದು ಅಂದುಕೊಳ್ಳಬೇಡಿ. ನಾನೂ ಒಂದು ಕಾಲಕ್ಕೆ ಅದೇ ಪ್ರಶ್ನೆ ಕೇಳಿಕೊಂಡು ಓಡಾಡಿದವನೇ.

ಹೋದ ವರ್ಷ ಒಬ್ಬ ಹುಡುಗ ಪೋಲೋ ಜಿಟಿ ತಂದಿದ್ದ, 1.2 ಟಿಎಸ್‌ಐ. ಜೊತೆಗೆ ಅವರಪ್ಪ. ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮುಂದಿನ ಚಕ್ರಗಳನ್ನು ರೋಲರ್ ಮೇಲೆ ತಂದು ನಿಲ್ಲಿಸಿ, ಹಿಂದೆ ಎರಡು, ಮುಂದೆ ಎರಡು ಬೆಲ್ಟು ಬಿಗಿದು, ಎದುರಿಗೆ ಫ್ಯಾನ್ ಹಾಕಿದೆವು. ನಮ್ಮ ಸಹಾಯಕ ಹುಡುಗ ಸ್ಕ್ರೂಡ್ರೈವರ್ ಹಿಡಿದು ಟೈರಿನ ಗೆರೆಗಳಿಂದ ಒಂದೊಂದೇ ಕಲ್ಲು ಕೀಳುತ್ತಿದ್ದ. ಹುಣಸೆ ಬೀಜದಷ್ಟು ಕಲ್ಲು, ರೋಲರ್ ಮೇಲೆ ಚಕ್ರ ಗಂಟೆಗೆ ನೂರೈವತ್ತರ ವೇಗದಲ್ಲಿ ತಿರುಗುವಾಗ ಕವಣೆ ಕಲ್ಲಾಗುತ್ತದೆ. ನಮ್ಮ ಶೆಡ್ಡಿನ ಹಿಂದಿನ ತಗಡಿನಲ್ಲಿ ಅದರ ಗುರುತುಗಳಿವೆ, ಬಂದಾಗ ತೋರಿಸುತ್ತೇನೆ. ಆಮೇಲೆ ನಾಲ್ಕನೇ ಗೇರ್, ಎಂಜಿನ್ನಿನ ನಿಮಿಷಕ್ಕೆ 2000 ಸುತ್ತಿನಿಂದ ಕಾಲು ಪೂರ್ತಿ ಒತ್ತಿ 6000 ದಾಟುವವರೆಗೆ ಒಂದು ಪುಲ್. ಹತ್ತು ಹನ್ನೆರಡು ಸೆಕೆಂಡಿನ ಆಟ. ಶೆಡ್ಡೆಲ್ಲ ಅದುರಿ, ರಬ್ಬರಿನ ವಾಸನೆ ಎದ್ದು, ಎಲ್ಲ ತಣ್ಣಗಾದ ಮೇಲೆ ಅಪ್ಪ ಎದ್ದು ಬಂದು ಕೇಳಿದರು: "ಅಲ್ಲ ಸ್ವಾಮಿ, ಗಾಡಿ ಒಂದಿಂಚೂ ಕದಲಲಿಲ್ಲ. ಅಷ್ಟೊಂದು ಪೆಟ್ರೋಲು ಎಲ್ಲಿಗೆ ಹೋಯ್ತು?"

ಮಗ ನಾಚಿಕೆಯಿಂದ ತಲೆ ಬಗ್ಗಿಸಿದ. ನನಗೆ ಮಾತ್ರ ಆ ವಾರ ಕೇಳಿದ ಪ್ರಶ್ನೆಗಳಲ್ಲಿ ಅದೇ ಒಳ್ಳೆಯದು ಅನಿಸಿತು. ಪೆಟ್ರೋಲಿನ ಬಹುಪಾಲು ರೇಡಿಯೇಟರಿನಿಂದ, ಸೈಲೆನ್ಸರಿನಿಂದ ಬಿಸಿಯಾಗಿ ಹೋಯಿತು. ಉಳಿದದ್ದು ರೋಲರ್ ತಿರುಗಿಸಿತು. ಆ ರೋಲರ್ ಎಷ್ಟು ಭಾರ, ಎಷ್ಟು ಬೇಗ ವೇಗ ಹಿಡಿಯಿತು ಎಂದು ಲೆಕ್ಕ ಹಾಕಿದರೆ ಶಕ್ತಿ ಎಷ್ಟೆಂದು ಗೊತ್ತಾಗುತ್ತದೆ. ಇನ್ನೊಂದು ಬಗೆಯ ಡೈನೋದಲ್ಲಿ ವಿದ್ಯುತ್ಕಾಂತದ ಬ್ರೇಕ್ ಇರುತ್ತದೆ, ಅದು ರೋಲರನ್ನು ತಡೆದು ಹಿಡಿಯಲು ಎಷ್ಟು ಬಲ ಬೇಕಾಯಿತು ಎಂದು ಅಳೆಯುತ್ತದೆ. 1821ರಲ್ಲಿ ಫ್ರಾನ್ಸಿನ ಗಾಸ್ಪಾರ್ ದ ಪ್ರೋನಿ ಎಂಬ ಎಂಜಿನಿಯರ್ ತಿರುಗುವ ದಂಡವನ್ನು ಮರದ ತುಂಡುಗಳಿಂದ ಅದುಮಿ ಹಿಡಿದು ಅಳೆದದ್ದೂ ಇದನ್ನೇ. ಇಷ್ಟು ಹೇಳಿದ ಮೇಲೆ ಅಪ್ಪ, "ಅಂದ್ರೆ ತಕ್ಕಡಿ ಅನ್ನಿ" ಎಂದು ಹೋಗಿ ಮತ್ತೆ ಕುರ್ಚಿಯಲ್ಲಿ ಕೂತರು.

ಹೌದು, ತಕ್ಕಡಿಯೇ. ತಕ್ಕಡಿ ಮೇಲೆ ಹತ್ತಿ ಇಳಿದರೆ ಯಾರೂ ಗಟ್ಟಿಮುಟ್ಟಾಗುವುದಿಲ್ಲ. ಡೈನೋ ನಿಮ್ಮ ಗಾಡಿಗೆ ಶಕ್ತಿ ಕೊಡುವುದಿಲ್ಲ. ಮಾಡಿದ ಬದಲಾವಣೆ ಸರಿಯೋ ತಪ್ಪೋ ಎಂದು ಹೇಳುತ್ತದೆ, ತಪ್ಪಾಗಿದ್ದರೆ ಎಂಜಿನ್ ಒಡೆಯುವ ಮೊದಲೇ ಹೇಳುತ್ತದೆ. ಅದಕ್ಕಾಗಿಯೇ ಅದು ಇರುವುದು. ನೀವು ಡೈನೋ ಅಚ್ಚು ಹಾಕಿ ಕೊಡುವ ಚೀಟಿಯ ಮೂಲೆಯಲ್ಲಿರುವ ಒಂದು ಅಂಕಿಯ ಫೋಟೋ ಹಿಡಿದು, ಅದರ ಪಕ್ಕದ ಗೆರೆಗಳನ್ನೆಲ್ಲ ಕತ್ತರಿಸಿ ಸ್ನೇಹಿತರಿಗೆ ಕಳಿಸುತ್ತೀರಿ. ನನ್ನ ತಕರಾರು ಇಲ್ಲಿಂದ ಶುರು.

ಆ ಅಂಕಿ ಎಷ್ಟು ಸುಲಭಕ್ಕೆ ಬಗ್ಗುತ್ತದೆ ಎಂದು ನಿಮಗೆ ಯಾರೂ ಹೇಳಿರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್ ಇದ್ದರೆ ನಮ್ಮಲ್ಲಿ 91ರ ಆಸುಪಾಸು. ಗಾಳಿ ತೆಳು, ಹಾಗಾಗಿ ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಸುಮಾರು ಹತ್ತನೇ ಒಂದು ಪಾಲು ಸೊರಗುತ್ತದೆ. ಬೇರೆ ಬೇರೆ ಊರಿನ ಅಳತೆಗಳನ್ನು ಹೋಲಿಸಬೇಕಲ್ಲ, ಅದಕ್ಕೆ ಒಂದು ತಿದ್ದುಪಡಿ ಸೂತ್ರವಿದೆ. ಎಸ್‌ಎಇ ಜೆ1349 ಎಂಬ ಮಾನದಂಡ 25 ಡಿಗ್ರಿ ಉಷ್ಣತೆ, 99 ಕಿಲೋಪ್ಯಾಸ್ಕಲ್ ಒಣಗಾಳಿಯನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಸರಿಮಾಡುತ್ತದೆ. ಬೆಂಗಳೂರಿನಲ್ಲಿ ಆ ತಿದ್ದುಪಡಿಯ ಗುಂಡಿ ಒತ್ತಿದರೆ ಚಕ್ರದಲ್ಲಿ ಅಳೆದ 100 ಅಶ್ವಶಕ್ತಿ, ಚೀಟಿಯಲ್ಲಿ 110 ದಾಟಿ ಅಚ್ಚಾಗುತ್ತದೆ. ಟರ್ಬೊ ಇಲ್ಲದ ಗಾಡಿಗೆ ಇದು ನ್ಯಾಯ. ಟರ್ಬೊ ಗಾಡಿಯ ಕಥೆ ಬೇರೆ. ಅದರ ಕಂಪ್ಯೂಟರು ತೆಳುಗಾಳಿಗೆ ಟರ್ಬೊವನ್ನು ಇನ್ನಷ್ಟು ತಿರುಗಿಸಿ ಕೊರತೆಯನ್ನು ಬಹುಮಟ್ಟಿಗೆ ತಾನೇ ತುಂಬಿಕೊಂಡಿರುತ್ತದೆ. ಅದರ ಮೇಲೂ ತಿದ್ದುಪಡಿ ಹಾಕಿದರೆ ಉಂಡವನಿಗೇ ಮತ್ತೆ ಎಲೆ ಹಾಕಿದ ಹಾಗೆ. ಇದರ ಮೇಲೆ ಎಂಜಿನ್ನಿನಿಂದ ಚಕ್ರಕ್ಕೆ ಬರುವಾಗ ಇಷ್ಟು ಸೋರುತ್ತದೆ ಎಂದು ಊಹೆಯಲ್ಲಿ ನೂರಕ್ಕೆ ಹದಿನೈದು, ಇಪ್ಪತ್ತು ಸೇರಿಸುವುದು ಇನ್ನೊಂದು ಪದ್ಧತಿ. ಗಾಡಿಯ ಒಂದು ಸ್ಕ್ರೂ ಮುಟ್ಟದೆ ನಾನು ನಿಮಗೆ ಮೂವತ್ತು ಅಶ್ವಶಕ್ತಿ ಕೊಡಬಲ್ಲೆ, ಕೀಬೋರ್ಡ್ ಒಂದಿದ್ದರೆ ಸಾಕು.

ಆದ್ದರಿಂದ ನನ್ನ ಮೊದಲ ವಿನಂತಿ: ಯಾರ ಬಳಿ ಹೋದರೂ, ಏನನ್ನೂ ಬದಲಿಸುವ ಮೊದಲು ನಿಮ್ಮ ಗಾಡಿ ಇರುವ ಸ್ಥಿತಿಯಲ್ಲೇ ಎರಡೋ ಮೂರೋ ಪುಲ್ ಮಾಡಿಸಿ. ಅದೇ ಡೈನೋ, ಅದೇ ತಿದ್ದುಪಡಿ, ಅದೇ ಗೇರು, ಅದೇ ಟೈರಿನ ಗಾಳಿ. ಆಮೇಲಿನದನ್ನು ಅದರ ಜೊತೆ ಮಾತ್ರ ಹೋಲಿಸಿ. ಬೇರೆ ಊರಿನ ಸ್ನೇಹಿತನ ಚೀಟಿಯ ಜೊತೆ ಹೋಲಿಸಿಕೊಂಡು ನೊಂದುಕೊಳ್ಳಬೇಡಿ. ಮೊದಲ ಚೀಟಿಗೆ ದುಡ್ಡು ದಂಡ ಎನ್ನುವವರಿದ್ದಾರೆ. ಹಾಗೆ ಉಳಿಸಿದವರು ಕೊನೆಗೆ ಎಷ್ಟು ಹೆಚ್ಚಾಯಿತು ಎಂದು ತಿಳಿಯದೆ, ಕಂಪನಿಯ ಕರಪತ್ರದ ಅಂಕಿಯಿಂದ ಕಳೆದು ಸಂತೋಷಪಡುತ್ತಾರೆ.

ಇನ್ನು ಗೆರೆಗಳ ವಿಷಯ. ಚೀಟಿಯಲ್ಲಿ ಎರಡು ಗೆರೆ ಮುಖ್ಯ, ಟಾರ್ಕ್ ಮತ್ತು ಪವರ್. ಟಾರ್ಕನ್ನು ಸುತ್ತಿನಿಂದ ಗುಣಿಸಿ 7024ರಿಂದ ಭಾಗಿಸಿದರೆ ಪವರ್ ಸಿಗುತ್ತದೆ, ಅಷ್ಟೇ ಗುಟ್ಟು. ಆ ಹುಡುಗನ ಪೋಲೋ ಕಂಪನಿಯಿಂದ ಬಂದಾಗ 175 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. 4000 ಸುತ್ತಿಗೆ ಲೆಕ್ಕ ಹಾಕಿ, ನೂರು ಅಶ್ವಶಕ್ತಿಯ ಹತ್ತಿರ ಬರುತ್ತದೆ. ಅದರ ಗರಿಷ್ಠ 105. ಅಂದರೆ ತುದಿಯ ಅಂಕಿಗೂ ನೀವು ದಿನಾ ಬಳಸುವ ಭಾಗಕ್ಕೂ ಕಂಪನಿಯವರು ಹೆಚ್ಚು ಅಂತರ ಇಟ್ಟಿಲ್ಲ. ಟ್ಯೂನ್ ಮಾಡುವವನು ಅದೇ ಗಾಡಿಯಲ್ಲಿ 6000ದ ಹತ್ತಿರ ದೊಡ್ಡ ಅಂಕಿ ತಂದು, 2500ರಲ್ಲಿ ಗೆರೆಗೆ ಒಂದು ಹಳ್ಳ ಬೀಳಿಸಬಹುದು. ಚೀಟಿಯ ಮೂಲೆಯಲ್ಲಿ ಅಂಕಿ ಹೊಳೆಯುತ್ತದೆ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಗಾಡಿ ಮುಗ್ಗರಿಸುತ್ತದೆ. ನೀವು ಜೀವಮಾನವೆಲ್ಲ ಓಡಿಸುವುದು ಆ ಗೆರೆಯ ಎಡ ಅರ್ಧದಲ್ಲಿ. ಬಲ ತುದಿಗೆ ವರ್ಷದಲ್ಲಿ ನಾಲ್ಕು ಸಲ ಹೋದರೆ ಹೆಚ್ಚು.

ಅದೇ ಗಾಡಿಯ ಏಳು ಗೇರಿನ ಡಿಎಸ್‌ಜಿ ಪೆಟ್ಟಿಗೆಯನ್ನು 250 ನ್ಯೂಟನ್ ಮೀಟರಿಗೆ ಎಂದು ಮಾಡಿದ್ದಾರೆ. ಒಳಗಿನ ಎರಡು ಕ್ಲಚ್ಚುಗಳೂ ಎಣ್ಣೆಯಿಲ್ಲದ ಒಣ ಕ್ಲಚ್ಚುಗಳು. ಎಂಜಿನ್ ತಾಳುತ್ತದೆ ಎಂದು ಟಾರ್ಕ್ ಗೆರೆಯನ್ನು ಅಲ್ಲಿಗೇ ತಂದು ಮುಟ್ಟಿಸಿದವರನ್ನು ಕಂಡಿದ್ದೇನೆ. ಆ ಹುಡುಗನಿಗೆ ನಾನು ಅದಕ್ಕಿಂತ ಸಾಕಷ್ಟು ಕೆಳಗೆ ನಿಲ್ಲಿಸಿ ಕೊಟ್ಟೆ. ಅವನಿಗೆ ಅಷ್ಟು ಇಷ್ಟವಾಗಲಿಲ್ಲ. ಅಪ್ಪನಿಗೆ ಇಷ್ಟವಾಯಿತು.

ಮೂರನೆಯ ಗೆರೆಯೊಂದಿದೆ, ಕೇಳದೆ ಹೋದರೆ ಕೆಲವರು ಕೊಡುವುದಿಲ್ಲ. ಗಾಳಿಗೂ ಪೆಟ್ರೋಲಿಗೂ ಇರುವ ಅನುಪಾತದ ಗೆರೆ. ಬರಿ ಪೆಟ್ರೋಲು ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು. ಈಗ ಬಂಕಿನಲ್ಲಿ ಸಿಗುವ, ಎಥನಾಲ್ ಬೆರೆತ ಇ20ಗೆ ಸುಮಾರು 13.5 ಸಾಕು. ಅದಕ್ಕೇ ನಾವು ಲ್ಯಾಂಬ್ಡಾ ಎಂಬ ಅಳತೆಯಲ್ಲಿ ಮಾತಾಡುವುದು: ಸರಿಯಾದ ಹದಕ್ಕೆ 1, ಟರ್ಬೊ ಗಾಡಿಯ ಕಾಲು ಪೂರ್ತಿ ಒತ್ತಿದಾಗ 0.8ರಿಂದ 0.85ರ ಹತ್ತಿರ. ಪೆಟ್ರೋಲು ಸ್ವಲ್ಪ ಹೆಚ್ಚು ಹೋಗಲಿ, ಒಳಗೆ ತಂಪಾಗಿರಲಿ ಎಂಬ ಎಚ್ಚರ. ಈ ಗೆರೆ ಮೇಲಿನ ಸುತ್ತುಗಳಲ್ಲಿ ಏರುತ್ತಾ ಹೋದರೆ ಪಂಪೋ ಇಂಜೆಕ್ಟರೋ ಸೋಲುತ್ತಿದೆ ಎಂದರ್ಥ. ಆಗ ಅಂಕಿ ಎಷ್ಟೇ ಚೆನ್ನಾಗಿರಲಿ, ಪುಲ್ ನಿಲ್ಲಿಸಬೇಕು. ಹಳೆಯ ಗಾಡಿಗೆ ಐದಾರು ವರ್ಷದ ಹಿಂದೆ ಪೆಟ್ರೋಲು, ಕಿಡಿಯ ಹೊಸ ಲೆಕ್ಕದ ಮ್ಯಾಪ್ ಹಾಕಿಸಿಕೊಂಡು ಈಗ ಇ20 ತುಂಬಿಸುತ್ತಿರುವವರು ದಯವಿಟ್ಟು ಒಂದು ಸಲ ಬಂದು ಈ ಗೆರೆಯೊಂದನ್ನಾದರೂ ನೋಡಿಸಿಕೊಳ್ಳಿ.

ಟೈಮಿಂಗ್ ಹೊಂದಿಸುವ ಕೆಲಸವನ್ನು ನೀವು ಹತ್ತಿರದಿಂದ ನೋಡಬೇಕು. ಬ್ರೇಕ್ ಇರುವ ಡೈನೋದಲ್ಲಿ ಎಂಜಿನ್ನನ್ನು 3000 ಸುತ್ತಿಗೆ ಕಟ್ಟಿಹಾಕಬಹುದು. ಕಾಲು ಎಷ್ಟು ಒತ್ತಿದರೂ ಅದು 3000 ಬಿಟ್ಟು ಮೇಲೆ ಹೋಗುವುದಿಲ್ಲ. ಅಲ್ಲಿ ಕೂತು ಕಿಡಿಯನ್ನು ಒಂದು ಡಿಗ್ರಿ ಮುಂಚೆ ಹಾರಿಸಿದರೆ ಟಾರ್ಕ್ ಎರಡು ಮೂರು ಅಂಕ ಏರುತ್ತದೆ. ಇನ್ನೊಂದು ಡಿಗ್ರಿ, ಮತ್ತೊಂದಿಷ್ಟು. ಒಂದು ಹಂತದಲ್ಲಿ ಏರುವುದು ನಿಲ್ಲುತ್ತದೆ. ಅಲ್ಲಿಂದಾಚೆ ಕೊಟ್ಟ ಪ್ರತಿ ಡಿಗ್ರಿಯೂ ಪಿಸ್ಟನ್ ತಲೆಗೆ ಹೊಡೆತವೇ ಹೊರತು ಚಕ್ರಕ್ಕೆ ಏನೂ ಇಲ್ಲ. ನಮ್ಮ ಬಂಕಿನ ಸಾದಾ ಪೆಟ್ರೋಲಿನಲ್ಲಿ ಎಷ್ಟೋ ಸಲ ಆ ಹಂತಕ್ಕೂ ಮೊದಲೇ ನಾಕಿಂಗ್, ಅಂದರೆ ಪೆಟ್ರೋಲು ಒಳಗೆ ತಾನಾಗಿಯೇ ಸಿಡಿಯುವುದು, ಬಂದುಬಿಡುತ್ತದೆ. ಎಂಜಿನ್ ಬ್ಲಾಕಿಗೆ ಕಟ್ಟಿದ ಮೈಕಿನಿಂದ ನನ್ನ ಕಿವಿಗೆ ಅದು, ಮುಚ್ಚಳ ಮುಚ್ಚಿದ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿಸುತ್ತದೆ. ಕೇಳಿಸಿದ ಕೂಡಲೇ ಕಾಲು ತೆಗೆದು, ಎರಡು ಡಿಗ್ರಿ ಹಿಂದಕ್ಕೆ ಬರುತ್ತೇನೆ. ಇದೇ ಕೆಲಸವನ್ನು ರಾತ್ರಿ ನೈಸ್ ರೋಡಿನಲ್ಲಿ, ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದ ಸ್ನೇಹಿತನನ್ನು ಕೂರಿಸಿಕೊಂಡು ಮಾಡುವವರಿದ್ದಾರೆ. ಗಾಳಿಯ ಸದ್ದು, ಟೈರಿನ ಸದ್ದಿನ ನಡುವೆ ಸಾಸಿವೆ ಸಿಡಿದದ್ದು ಯಾರಿಗೆ ಕೇಳಿಸುತ್ತದೆ? ಮುಂದೆ ಬೆಳಕಿಲ್ಲದ ಟ್ರ್ಯಾಕ್ಟರ್ ಇದ್ದರೆ ಯಾರು ನೋಡುತ್ತಾರೆ?

ಡೈನೋ ಹೇಳದ ಮಾತನ್ನೂ ಹೇಳಿಬಿಡುತ್ತೇನೆ. ಇದು ನನ್ನದೇ ತಪ್ಪಿನ ಕಥೆ.

ಶುರುವಿನ ವರ್ಷಗಳಲ್ಲಿ ಒಂದು ಹಳೆಯ ಹೋಂಡಾ ಸಿಟಿ ವಿಟೆಕ್ ಬಂದಿತ್ತು. ಟರ್ಬೊ ಇಲ್ಲ. ಕಂಪನಿಯ ಕಂಪ್ಯೂಟರ್ ತೆಗೆದು ಹೊರಗಿನ ಇಸಿಯು ಹಾಕಿದ್ದರು. ಅಂಥ ಇಸಿಯು ಒಳಗೆ ಮಗ್ಗಿ ಪುಸ್ತಕದಂಥ ಒಂದು ಕೋಷ್ಟಕವಿರುತ್ತದೆ. ಅಡ್ಡಕ್ಕೆ ಸುತ್ತುಗಳು, ಉದ್ದಕ್ಕೆ ಒಳಗಿನ ಗಾಳಿಯ ಒತ್ತಡ, ಒಂದೊಂದು ಮನೆಯಲ್ಲೂ ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂಬ ಅಂಕಿ. ನಾನು ಎರಡು ದಿನ ಕೂತು ಒಂದೊಂದೇ ಮನೆ ತುಂಬಿದೆ. ಗೆರೆಗಳು ಎಷ್ಟು ಚೆನ್ನಾಗಿ ಬಂದವೆಂದರೆ ಚೀಟಿಯನ್ನು ಗೋಡೆಗೆ ಅಂಟಿಸಿದ್ದೆ. ಗಾಡಿಯ ಮಾಲೀಕ, ಒಬ್ಬ ಕಾಲೇಜು ಮೇಷ್ಟ್ರು, ಮುಂದಿನ ಶನಿವಾರ ಊರಿಗೆಂದು ಮಂಗಳೂರಿಗೆ ಹೊರಟರು. ಮಧ್ಯಾಹ್ನ ಫೋನ್ ಬಂತು. "ಶಿರಾಡಿ ಘಾಟಿ ಇಳಿದ ಮೇಲೆ ಏನೋ ಟಕಟಕ ಅಂತ ಶುರುವಾಗಿದೆ, ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರ." ನಿಲ್ಲಿಸಿ ಅನ್ನುವಷ್ಟರಲ್ಲಿ ಬಂಟ್ವಾಳದವರೆಗೆ ಹಾಗೇ ಓಡಿಸಿ ಆಗಿತ್ತು.

ಏನಾಗಿತ್ತು ಗೊತ್ತೇ? ಬೆಂಗಳೂರಿನಲ್ಲಿ ಹೊರಗಿನ ಒತ್ತಡವೇ 91. ಟರ್ಬೊ ಇಲ್ಲದ ಎಂಜಿನ್ ಅದಕ್ಕಿಂತ ಹೆಚ್ಚು ಒತ್ತಡ ಎಲ್ಲಿಂದ ತಂದೀತು? ಹಾಗಾಗಿ ಕೋಷ್ಟಕದಲ್ಲಿ 100 ಕಿಲೋಪ್ಯಾಸ್ಕಲ್ ಎಂದು ಬರೆದ ಸಾಲಿಗೆ ನನ್ನ ಡೈನೋ ಮೇಲೆ ಎಂಜಿನ್ ಹೋಗಲೇ ಇಲ್ಲ. ಅಲ್ಲಿದ್ದದ್ದು ಇಸಿಯು ಪೆಟ್ಟಿಗೆಯ ಜೊತೆ ಬಂದ, ಯಾವುದೋ ಬೇರೆ ಎಂಜಿನ್ನಿನ ಅಂಕಿಗಳು. ಪೆಟ್ರೋಲು ಕಡಿಮೆ, ಕಿಡಿ ಬಹಳ ಮುಂಚೆ. ಘಾಟಿ ಇಳಿದು ಗಾಳಿ ದಟ್ಟವಾಗುತ್ತಿದ್ದಂತೆ ಎಂಜಿನ್ ನಾನು ಮುಟ್ಟದೆ ಬಿಟ್ಟ ಆ ಸಾಲಿಗೆ ಕಾಲಿಟ್ಟಿತು. ಬಿಚ್ಚಿ ನೋಡಿದಾಗ ಮೂರನೇ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿದಿತ್ತು. ಪಿಸ್ಟನ್ ಸೆಟ್ಟು, ಗ್ಯಾಸ್ಕೆಟ್ಟು, ಲೇಬರು ಎಲ್ಲ ನನ್ನ ಜೇಬಿನಿಂದ ಹೋಯಿತು, ಹೋಗಬೇಕಾದ್ದೇ. ಮೇಷ್ಟ್ರು ಒಂದು ಮಾತೂ ಬಯ್ಯಲಿಲ್ಲ. "ಸಿಲಬಸ್‌ನಲ್ಲಿ ಇಲ್ಲದ ಪ್ರಶ್ನೆ ಬಂತು ಅನ್ನಿ" ಅಂದರು. ಗೋಡೆಯ ಚೀಟಿಯನ್ನು ಆವತ್ತೇ ಕಿತ್ತೆ.

ಅಂದಿನಿಂದ, ಇಲ್ಲಿ ಅಳೆಯಲಾಗದ ಸಾಲುಗಳನ್ನು ಕೆಳಗಿನ ಸಾಲುಗಳ ಲೆಕ್ಕ ಹಿಡಿದು ನಾನೇ ತುಂಬುತ್ತೇನೆ, ಪೆಟ್ರೋಲು ಒಂದು ಹಿಡಿ ಹೆಚ್ಚು, ಕಿಡಿ ಒಂದೆರಡು ಡಿಗ್ರಿ ತಡ. ನಿಮ್ಮ ಗಾಡಿಗೂ ಹೊರಗಿನ ಇಸಿಯು ಇದ್ದರೆ ಟ್ಯೂನ್ ಮಾಡುವವರನ್ನು ಕೇಳಿ: "ಕರಾವಳಿಗೆ ಇಳಿದರೆ ಯಾವ ಸಾಲು ಓದುತ್ತದೆ, ಅಲ್ಲಿ ಏನು ಬರೆದಿದ್ದೀರಿ?" ಉತ್ತರ ತಡವರಿಸಿದರೆ ಗಾಡಿ ಹೊರಡಿಸಬೇಡಿ. ಬಿಸಿಲಿಗೂ ಇದೇ ಮಾತು. ಡಿಸೆಂಬರ್ ಬೆಳಗಿನ ಹದಿನೆಂಟು ಡಿಗ್ರಿಯಲ್ಲಿ ಹೊಂದಿಸಿದ ಮ್ಯಾಪ್ ಮೇ ತಿಂಗಳ ರಾಯಚೂರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಚೀಟಿ ಹೇಳುವುದಿಲ್ಲ. ಒಳಗೆ ಹೋಗುವ ಗಾಳಿಯ ಉಷ್ಣತೆಯನ್ನೂ ಚೀಟಿಯಲ್ಲಿ ಅಚ್ಚು ಹಾಕಿಸಿಕೊಳ್ಳಿ. ಪುಲ್‌ಗಳ ನಡುವೆ ಗಾಡಿ ತಣಿಯಲು ಬಿಡಿ. ನನ್ನ ಫ್ಯಾನ್ ಎಷ್ಟೇ ದೊಡ್ಡದಿದ್ದರೂ ಹೆದ್ದಾರಿಯ ಗಾಳಿಗೆ ಸಾಟಿಯಲ್ಲ. "ಅಣ್ಣ, ಇನ್ನೊಂದೇ ಪುಲ್" ಎಂಬ ಮಾತಿನಲ್ಲಿ ಹೋದ ಎಂಜಿನ್ನುಗಳಿವೆ.

ಬರುವ ಮೊದಲು ಮಾಡಬೇಕಾದ್ದು ಸಣ್ಣ ಸಣ್ಣ ಕೆಲಸ. ಎಂಜಿನ್ ಆಯಿಲ್ ಹೊಸದಿರಲಿ, ಪ್ಲಗ್ ನೋಡಿಸಿ, ಬದಿ ಉಬ್ಬಿದ ಟೈರ್ ಹಾಕಿಕೊಂಡು ಬರಬೇಡಿ. ದಿನಾ ಯಾವ ಪೆಟ್ರೋಲು ಹಾಕುತ್ತೀರೋ ಅದನ್ನೇ ಹಾಕಿ ತನ್ನಿ. ಡೈನೋ ದಿನಕ್ಕೆ ಮಾತ್ರ 100 ಆಕ್ಟೇನ್ ತುಂಬಿಸಿ, ಮಾರನೆಯ ದಿನದಿಂದ ಸಾದಾ ಪೆಟ್ರೋಲಿಗೆ ಬರುವವರಿಗೆ ನಾನು ಮಾಡಿಕೊಟ್ಟ ಮ್ಯಾಪ್ ವಿಷವಾಗುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ಮೊದಲೇ ಫೋನ್ ಮಾಡಿ ಹೇಳಿ, ಎರಡು ಚಕ್ರದ ರೋಲರ್ ಮೇಲೆ ಅದನ್ನು ಹತ್ತಿಸುವಂತಿಲ್ಲ. ಹೊಸ ಗಾಡಿಗಳಿಗಂತೂ ಮುಂದಿನ ಚಕ್ರ ಓಡುತ್ತಿದೆ, ಹಿಂದಿನದು ನಿಂತಿದೆ ಎಂದರೆ ಗಾಬರಿ. ಗಾಡಿ ಜಾರುತ್ತಿದೆ ಅಂದುಕೊಂಡು ತಾವೇ ಬ್ರೇಕ್ ಹಾಕುತ್ತವೆ. ಗಾಡಿಗೆ ತಾನು ರೋಲರ್ ಮೇಲಿದ್ದೇನೆ ಎಂದು ತಿಳಿಯುವುದೇ ಎಂದು ನಗುವವರು 2015ರ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣವನ್ನು ನೆನಪಿಸಿಕೊಳ್ಳಿ. ಪರೀಕ್ಷೆಯ ರೋಲರ್ ಮೇಲೆ ಹೊಗೆ ಶುದ್ಧ, ರಸ್ತೆಗಿಳಿದರೆ ಬೇರೆ ಎಂದು ಸಾಫ್ಟ್‌ವೇರಿನಲ್ಲೇ ಬರೆದಿಟ್ಟಿದ್ದರು.

ಹೊಗೆಯ ಮಾತು ಬಂತಲ್ಲ, ಒಂದು ವಿಷಯ ಖಡಾಖಂಡಿತ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿ ಎಂದು ನನ್ನನ್ನು ಕೇಳಬೇಡಿ. ಕೇಳಿದರೆ ಚಹಾ ಕುಡಿಸಿ ಕಳಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ವಾರಂಟಿ, ವಿಮೆಯ ಷರತ್ತುಗಳನ್ನು ನೀವೇ ಓದಿಕೊಂಡು ಬನ್ನಿ. ನನ್ನ ಬಾಯಿಂದ ಕೇಳಿ ನಂಬಬೇಡಿ, ನನಗೆ ಗಿರಾಕಿ ಬೇಕಲ್ಲ. ಜೋರಾಗಿ ಓಡಿಸುವ ಚಟವಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟುಕೋಟೆಯ ಟ್ರ್ಯಾಕ್ ಇದೆ. ಬೆಳಗಿನ ಜಾವ ಹೊರಟರೆ ಇಡ್ಲಿ ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತದೆ. ನಂದಿಬೆಟ್ಟದ ರಸ್ತೆ ಮಾತ್ರ ಬೇಡ, ಅಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಸೈಕಲ್ಲುಗಳಿರುತ್ತವೆ.

ಪೋಲೋ ಹುಡುಗ ಮೊನ್ನೆ ಮತ್ತೆ ಬಂದಿದ್ದ. ಗಾಡಿ ತೋರಿಸಲಿಕ್ಕಲ್ಲ, ಒಂದು ಸಂಶಯ ಕೇಳಲಿಕ್ಕೆ. ಅವನ ಸ್ನೇಹಿತನ ಚೀಟಿಯಲ್ಲಿ ಇವನಿಗಿಂತ ಹದಿನೆಂಟು ಹೆಚ್ಚು. ಅದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುತ್ತಾ ತಾನೇ ಹೇಳಿದ: "ಅಣ್ಣ, ಇದರಲ್ಲಿ ಲ್ಯಾಂಬ್ಡಾ ಗೆರೆನೇ ಇಲ್ಲ. ಯಾವ ತಿದ್ದುಪಡಿ ಅಂತಲೂ ಬರೆದಿಲ್ಲ." ನಾನು ಏನೂ ಹೇಳಬೇಕಾಗಲಿಲ್ಲ, ಇಬ್ಬರೂ ಚಹಾ ಕುಡಿದೆವು.

ಭಾನುವಾರ ಬೆಳಿಗ್ಗೆ ಗಿರಾಕಿಗಳು ಕಡಿಮೆ. ನಿಮ್ಮ ಗಾಡಿ ಇಲ್ಲದಿದ್ದರೂ ಬಂದು ಕೂತು ನೋಡಬಹುದು. ಅಪ್ಪ ಅಮ್ಮನನ್ನೂ ಕರೆದುಕೊಂಡು ಬನ್ನಿ, ಕುರ್ಚಿಗಳಿವೆ, ಕಿವಿಗೆ ಮಫ್ ಕೊಡುತ್ತೇವೆ. ಗಾಡಿ ತರುವುದಾದರೆ ಮನೆಯಲ್ಲೇ ಟೈರಿನ ಕಲ್ಲು ಕಿತ್ತುಕೊಂಡು ಬನ್ನಿ, ನಮ್ಮ ಹುಡುಗನಿಗೆ ಅರ್ಧ ಗಂಟೆ ಉಳಿಯುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಡೈನೋ ಶೆಡ್ಡಿನ ಅಣ್ಣ
ಬೆಂಗಳೂರು